ಗುರುತಿಲ್ಲದ ಹೊಳೆ

ಹೊಸ ಹೊಳೆಯ ದಂಡೆಯಲ್ಲಿ ಗಾಳ ಹಿಡಿದು ನಿಂತವನಿಗೆ ಮೀನು ಎಲ್ಲಿದೆ ಎಂಬುದು ಗೊತ್ತಿರುವುದಿಲ್ಲ. ಎಲ್ಲಿ ಇಲ್ಲ ಎಂಬುದೂ ಗೊತ್ತಿರುವುದಿಲ್ಲ. ಈ ಎರಡನೆಯ ಅಜ್ಞಾನದ ಮೇಲೆ ನನಗೆ ವಿಶೇಷ ಪ್ರೀತಿ.

ನಾನಿರುವುದು ಮಿಲ್ಟನ್ ಕೀನ್ಸ್‌ನಲ್ಲಿ. ಮನೆಯಿಂದ ಸ್ವಲ್ಪ ದೂರದಲ್ಲೇ ಗ್ರ್ಯಾಂಡ್ ಯೂನಿಯನ್ ಕಾಲುವೆ ಹರಿಯುತ್ತದೆ. ಹರಿಯುತ್ತದೆ ಎನ್ನುವುದು ಮರ್ಯಾದೆಗೆ ಆಡಿದ ಮಾತು, ಅದು ನಿಂತೇ ಇರುತ್ತದೆ. ಆ ಕಾಲುವೆ ನನಗೆ ಚೆನ್ನಾಗಿ ಗೊತ್ತು. ಯಾವ ಸೇತುವೆಯ ನೆರಳಿನಲ್ಲಿ ಪರ್ಚ್ ಮೀನಿನ ಹಿಂಡು ನಿಲ್ಲುತ್ತದೆ, ಕಟ್ಟಿಹಾಕಿದ ಯಾವ ದೋಣಿಯ ಅಡಿಯಲ್ಲಿ ಪೈಕ್ ಹೊಂಚು ಹಾಕುತ್ತದೆ, ಎಲ್ಲಿ ಗಾಳ ಬೀಸಿದರೆ ಯಾರೋ ಎಸೆದುಹೋದ ಸೈಕಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂಬುದೆಲ್ಲ ಕೈಗೆ ರೂಢಿಯಾಗಿದೆ. ರೂಢಿಯಾಗುತ್ತ ಹೋದಹಾಗೆ ಕಾಲುವೆ ಸಣ್ಣದಾಗುತ್ತ ಬಂತು. ಮೈಲಿಗಟ್ಟಲೆ ನೀರಿದ್ದರೂ ನನ್ನ ಲೆಕ್ಕಕ್ಕೆ ಉಳಿದದ್ದು ನಾಲ್ಕಾರು ಮೂಲೆ. ಮಿಕ್ಕ ನೀರಿನ ಪಕ್ಕ ಫೋನು ನೋಡುತ್ತ ನಡೆದುಬಿಡುತ್ತೇನೆ. ಒಂದು ನೀರಿನ ಪರಿಚಯ ಬೆಳೆಯುವುದೆಂದರೆ ಅದರಲ್ಲಿ ಎಷ್ಟನ್ನು ಕೈಬಿಡಬಹುದು ಎಂದು ಗೊತ್ತಾಗುತ್ತ ಹೋಗುವುದು. ಗಾಳಗಾರರು ಇದನ್ನೇ ಅನುಭವ ಎಂದು ಕರೆದು ಬೀಗುತ್ತಾರೆ. ಹೊಟ್ಟೆಪಾಡಿಗೆ ಮೀನು ಹಿಡಿಯುವವನಿಗೆ ಅದು ಬೇಕೇ ಬೇಕು. ನನ್ನಂಥ ರಜೆಯ ಗಾಳಗಾರನಿಗೆ ಅರ್ಧ ಲಾಭ, ಅರ್ಧ ಲುಕ್ಸಾನು.

ಹಾಗಾಗಿ ಈ ಜೂನ್‌ನಲ್ಲಿ ಗ್ರೇಟ್ ಊಸ್ ನದಿಗೆ ಹೋದೆ. ನಾರ್ತಾಂಪ್ಟನ್‌ಶೈರ್‌ನಲ್ಲಿ ಹುಟ್ಟಿ, ಬಕಿಂಗ್‌ಹ್ಯಾಮ್, ಬೆಡ್‌ಫರ್ಡ್, ಹಂಟಿಂಗ್‌ಡನ್ ದಾಟಿ, ಕಿಂಗ್ಸ್ ಲಿನ್ ಬಳಿ ಸಮುದ್ರ ಸೇರುವ ಹೊತ್ತಿಗೆ ಸುಮಾರು 230 ಕಿಲೋಮೀಟರ್ ಸುತ್ತಾಡಿರುವ, ಅವಸರವೆಂಬುದೇ ಗೊತ್ತಿಲ್ಲದ ನದಿ ಇದು. ನಾನು ಆರಿಸಿಕೊಂಡದ್ದು ಓಲ್ನಿ ಊರಿನ ಪಕ್ಕದ ಹುಲ್ಲುಗಾವಲು. ಸರ್ಕಾರದ ರಾಡ್ ಲೈಸೆನ್ಸು ಇತ್ತು, ದಂಡೆಯ ಹಕ್ಕು ಪಡೆದ ಕ್ಲಬ್ಬಿನಿಂದ ಚೀಟಿಯೂ ಇತ್ತು. ಇವೆರಡಿದ್ದರೆ ಇಲ್ಲಿ ಯಾರೂ ಏನೂ ಕೇಳುವುದಿಲ್ಲ. ನದಿ ಮಾತ್ರ ಅಪರಿಚಿತ.

ಮಾರ್ಚ್ 15ರಿಂದ ಜೂನ್ 15ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ನದಿಗಳಲ್ಲಿ ಪೈಕ್, ಪರ್ಚ್, ರೋಚ್ ಮುಂತಾದ ಮೀನುಗಳಿಗೆ ಗಾಳ ಹಾಕುವಂತಿಲ್ಲ. ಮೊಟ್ಟೆ ಇಡುವ ಕಾಲ. ಶೆಫೀಲ್ಡ್‌ನ ಸಂಸದರಾಗಿದ್ದ ಎ.ಜೆ. ಮುಂಡೆಲ್ಲಾ ಅವರ ಹೆಸರಿನಿಂದಲೇ ಜನ ಕರೆಯುವ 1878ರ ಕಾಯ್ದೆಯಿಂದ ಬಂದ ಕಟ್ಟಳೆ ಇದು. ಆದ್ದರಿಂದ ಜೂನ್ 16 ಇಲ್ಲಿನ ಗಾಳಗಾರರಿಗೆ ಹಬ್ಬ. ಹಿಂದಿನ ರಾತ್ರಿಯೇ ದಂಡೆಗೆ ಹೋಗಿ ಕುರ್ಚಿ ಹಾಕಿಕೊಂಡು ಹನ್ನೆರಡು ಗಂಟೆ ಹೊಡೆಯುವುದನ್ನೇ ಕಾಯುವವರಿದ್ದಾರೆ.

ಊರಿನಲ್ಲಿ ಅದು ಮೃಗಶಿರಾ ಮಳೆಯ ಹೊತ್ತು. ಫೋನ್ ಮಾಡಿದರೆ ತೀರ್ಥಹಳ್ಳಿಯಿಂದ ಅಮ್ಮನ ಮಾತಿಗಿಂತ ಮೊದಲು ಹಂಚಿನ ಮೇಲೆ ಬೀಳುವ ಮಳೆಯ ಸದ್ದೇ ಕೇಳುತ್ತದೆ. ಮಳೆ ಹಿಡಿದು ಹಳ್ಳಗಳು ಕೆಂಪಾದ ಕೂಡಲೇ ಹೊಳೆಯ ಮೀನುಗಳು ನೀರಿಗೆ ಎದುರಾಗಿ ಹತ್ತಿ, ತೋಡು ದಾಟಿ, ಗದ್ದೆಯ ಬದುವಿನವರೆಗೂ ಮೊಟ್ಟೆ ಇಡಲು ಬರುತ್ತವೆ. ಹತ್ತುಮೀನು. ಚಿಕ್ಕವನಿದ್ದಾಗ ಅಪ್ಪನ ಹಿಂದೆ ಬ್ಯಾಟರಿ ಹಿಡಿದು ಗದ್ದೆಯ ಕೋಡಿಯಲ್ಲಿ ನಡುಗುತ್ತ ನಿಂತಿದ್ದೇನೆ. ಅಪ್ಪನ ಕೈಯಲ್ಲಿ ಕತ್ತಿ. ಮೊಣಕಾಲೂ ಮುಳುಗದ ನೀರಿನಲ್ಲಿ ಬೆನ್ನು ಹೊರಗೆ ಹಾಕಿಕೊಂಡು ನುಗ್ಗುವ ಮೀನು. ಪೈಕ್ ಮಾಡುವುದೂ ಹೆಚ್ಚುಕಮ್ಮಿ ಇದನ್ನೇ. ಚಳಿಗಾಲ ಮುಗಿಯುತ್ತಿದ್ದ ಹಾಗೆ, ನೆರೆ ನೀರು ನಿಂತ ಹುಲ್ಲುಗಾವಲಿಗೆ ಏರಿಬಂದು, ಮುಳುಗಿದ ಹುಲ್ಲಿಗೆ ಅಂಟುವ ಹಾಗೆ ಮೊಟ್ಟೆ ಇಟ್ಟು ಮರಳುತ್ತದೆ. ಮೀನು ಮೊಟ್ಟೆ ಇಡಲು ಬರುವ ಹೊತ್ತಿಗೆ ಇವರು ಗಾಳವನ್ನು ಗೂಟಕ್ಕೆ ನೇತುಹಾಕುತ್ತಾರೆ, ನಮ್ಮ ಕಡೆ ಅದೇ ಹೊತ್ತಿಗೆ ಕತ್ತಿಯನ್ನು ಗೂಟದಿಂದ ಇಳಿಸುತ್ತೇವೆ. ಕರಾವಳಿಯಲ್ಲಾದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಮಲೆನಾಡಿನ ತೋಡಿಗೆ ಕಾನೂನು ಹೇಳುವವರು ಯಾರು? ಹತ್ತುಮೀನಿನ ಹುಳಿಯ ರುಚಿ ನಾಲಿಗೆಯ ಮೇಲಿಟ್ಟುಕೊಂಡೇ ಹೇಳುತ್ತೇನೆ, ಈ ವಿಷಯದಲ್ಲಿ ಮುಂಡೆಲ್ಲಾ ಅವರೇ ಸರಿ.

ಪೈಕ್ ನಮ್ಮ ದೇಶದ ಮೀನಲ್ಲ. ಯುರೋಪು, ಉತ್ತರ ಏಷ್ಯಾ, ಉತ್ತರ ಅಮೆರಿಕದ ತಣ್ಣೀರಿನ ಜೀವಿ. ಉದ್ದನೆಯ ದೇಹ, ಚಪ್ಪಟೆ ಮೂತಿ, ಬೆನ್ನಿನ ರೆಕ್ಕೆಯೂ ಹೊಟ್ಟೆಯಡಿಯ ರೆಕ್ಕೆಯೂ ಹಿಂದಕ್ಕೆ ಸರಿದು ಬಾಲದ ಬಳಿಯೇ ಕೂಡಿಕೊಂಡಿವೆ. ಮೀನನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವ ಜಾತಿ ಅಲ್ಲ. ಗಿಡಗಳ ನಡುವೆ ಅಲುಗಾಡದೆ ನಿಂತು ಕಾಯುತ್ತದೆ. ಬೇಟೆ ಹತ್ತಿರ ಬಂದಾಗ ಮೈಯನ್ನು ಎಸ್ ಆಕಾರಕ್ಕೆ ಬಾಗಿಸಿ ಒಮ್ಮೆಲೇ ಚಿಮ್ಮುತ್ತದೆ. ಆ ಚಿಮ್ಮಿನ ವೇಗವರ್ಧನೆಯನ್ನು ಪ್ರಯೋಗಾಲಯದಲ್ಲಿ ಅಳೆದವರು ಗುರುತ್ವದ ಹತ್ತು ಪಟ್ಟನ್ನೂ ಮೀರಿದ ಅಂಕಿಗಳನ್ನು ಬರೆದಿದ್ದಾರೆ. ಬಾಯೊಳಗೆ, ಅಂಗುಳಿನಲ್ಲಿ, ನಾಲಿಗೆಯ ಮೇಲೆ ಕೂಡ ನೂರಾರು ಹಲ್ಲು. ಅಂಗುಳಿನ ಹಲ್ಲುಗಳು ಒಳಮುಖವಾಗಿ ಮಡಚಿಕೊಳ್ಳುತ್ತವೆ, ಹೊರಮುಖವಾಗಿ ಮಡಚುವುದಿಲ್ಲ. ಒಳಗೆ ಹೋದದ್ದಕ್ಕೆ ವಾಪಸು ದಾರಿ ಇಲ್ಲ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅದರ ಕೆಳದವಡೆಯ ಸಾಲುತೂತುಗಳು. ನೀರಿನ ಅಲುಗಾಟವನ್ನು ಗ್ರಹಿಸುವ ಒಂದು ಇಂದ್ರಿಯ ಮೀನುಗಳ ಮೈಯ ಉದ್ದಕ್ಕೂ ಇದೆ. ಪೈಕ್‌ನಲ್ಲಿ ಅದು ತಲೆಗೂ ದವಡೆಗೂ ಹಬ್ಬಿ, ಬರಿಗಣ್ಣಿಗೆ ಕಾಣುವ ತೂತುಗಳಾಗಿ ತೆರೆದುಕೊಂಡಿದೆ. ಎರಡೂ ಕಣ್ಣು ಹೋದ ಪೈಕ್‌ಗಳು ಹೊಟ್ಟೆ ತುಂಬಿ ದಷ್ಟಪುಷ್ಟವಾಗಿ ಗಾಳಕ್ಕೆ ಸಿಕ್ಕದ್ದುಂಟು. ಹಾದುಹೋಗುವ ರೋಚ್ ಮೀನೊಂದರ ಬಾಲದ ಬಡಿತ ಅವುಗಳ ದವಡೆಗೆ ತಿಳಿಯುತ್ತದೆ. ಕೇಳುವುದಕ್ಕೂ ಮುಟ್ಟುವುದಕ್ಕೂ ನಡುವಿನ ಈ ಅನುಭವ ಹೇಗಿದ್ದೀತೆಂದು ನಾನು ಯೋಚಿಸಿ ಸೋತಿದ್ದೇನೆ. ಮನುಷ್ಯನ ಮೈಯಲ್ಲಿ ಅದನ್ನು ಊಹಿಸಲೂ ಒಂದು ಆಸರೆ ಇಲ್ಲ.

ವಿಜ್ಞಾನ ಓದಿದರೆ ಬೆರಗು ಸಾಯುತ್ತದೆ ಎನ್ನುವವರಿಗೆ ಈ ತೂತುಗಳನ್ನು ತೋರಿಸಬೇಕು. ಹೊಳೆಯ ಬಗ್ಗೆ ನಾನು ಹೆಚ್ಚು ತಿಳಿದಷ್ಟೂ ಹೊಳೆ ಕಿರಿದಾಗುತ್ತದೆ, ಮೀನಿನ ಬಗ್ಗೆ ಹೆಚ್ಚು ತಿಳಿದಷ್ಟೂ ಹೊಳೆ ಹಿರಿದಾಗುತ್ತದೆ. ಎರಡೂ ತಿಳಿವಳಿಕೆಯೇ. ಒಂದರಿಂದ ಹೀಗೂ ಇನ್ನೊಂದರಿಂದ ಹಾಗೂ ಯಾಕಾಗುತ್ತದೆ ಎಂದು ಊಸ್ ದಂಡೆಯಲ್ಲಿ ನಡೆಯುತ್ತ ತುಂಬ ಹೊತ್ತು ತಲೆ ಕೆಡಿಸಿಕೊಂಡೆ. ಮೊದಲನೆಯದು ನನಗೇನು ಸಿಗುತ್ತದೆ ಎಂಬ ಲೆಕ್ಕದ ತಿಳಿವಳಿಕೆ. ಎರಡನೆಯದರಲ್ಲಿ ನನಗೆ ಸಿಗುವಂಥದ್ದೇನೂ ಇಲ್ಲ. ದವಡೆಯ ತೂತುಗಳ ಬಗ್ಗೆ ಓದಿಕೊಂಡದ್ದರಿಂದ ಒಂದೇ ಒಂದು ಮೀನು ಹೆಚ್ಚಿಗೆ ಬಂದಿಲ್ಲ.

ಗುರುತಿಲ್ಲದ ಹೊಳೆಯನ್ನು ಕಣ್ಣಿನಿಂದ ಓದಬಹುದು, ಸ್ವಲ್ಪ ಮಟ್ಟಿಗೆ. ಹಳದಿ ನೈದಿಲೆಯ ಎಲೆಗಳಿದ್ದಲ್ಲಿ ಹರಿವು ನಿಧಾನ, ತಳದಲ್ಲಿ ಕೆಸರು. ಬಿಳಿ ಹೂವಿನ ಎಳೆಗಿಡ ನೀರಿನ ಜೊತೆ ಬಳುಕುತ್ತಿದ್ದರೆ ಅಲ್ಲಿ ಜಲ್ಲಿಯ ತಳ, ಚುರುಕಾದ ಹರಿವು. ದನಗಳು ನೀರಿಗಿಳಿದು ಕಲಕಿದ ಕಡೆ ಸಣ್ಣ ಮೀನು ಸೇರುತ್ತವೆ. ಮಿಕ್ಕದ್ದನ್ನು ಕೈಯಿಂದಲೇ ಓದಬೇಕು. ಲೂರ್ ಎಂದರೆ ಮೀನಿನ ವೇಷ ಹಾಕಿದ ಲೋಹದ ಅಥವಾ ಮರದ ತುಂಡು. ಅದನ್ನು ದೂರಕ್ಕೆ ಬೀಸಿ, ಮುಳುಗಲು ಬಿಟ್ಟು, ಮನಸ್ಸಿನಲ್ಲೇ ಎಣಿಸುತ್ತೇನೆ. ಎರಡಕ್ಕೇ ದಾರ ಸಡಿಲಾದರೆ ಆಳ ಇಲ್ಲ. ಏಳಾದರೂ ಇಳಿಯುತ್ತಲೇ ಇದ್ದರೆ ಅಲ್ಲೊಂದು ಮಡು. ದಾರ ಸುತ್ತುವಾಗ ಕೈಗೆ ಮೆತ್ತಗೆ ಭಾರ ಬಂದರೆ ಗಿಡ, ಟಕ್ ಟಕ್ ಎಂದರೆ ಕಲ್ಲು, ಒಮ್ಮೆಲೇ ಹಗುರಾದರೆ ತಳ ಕುಸಿದಿದೆ. ಹೀಗೆ ಕಾಣದ ನೆಲವೊಂದರ ಏರಿಳಿತ ಬೆರಳ ತುದಿಯಲ್ಲಿ ಸ್ವಲ್ಪಸ್ವಲ್ಪವಾಗಿ ಮೂಡುತ್ತದೆ. ಇಡೀ ಬೆಳಗು ಒಂದೂ ಮೀನು ಮುಟ್ಟದಿದ್ದರೂ ಈ ಕೆಲಸದಲ್ಲಿ ಬೇಸರವಿಲ್ಲ. ಅಂದು ಬಹಳ ಹೊತ್ತು ಒಂದೂ ಮುಟ್ಟಲಿಲ್ಲ.

ಲೂರ್‌ಗಳಲ್ಲಿ ನನಗೆ ಪ್ರಿಯವಾದದ್ದು ಬೆರಳುದ್ದದ ಹಗುರ ಮರದ ಮೀನು. ಅದರ ಮೂಲಪುರುಷ ಫಿನ್ಲೆಂಡಿನ ಲೌರಿ ರಾಪಾಲಾ ಎಂಬ ಬಡ ಮೀನುಗಾರ. ಪೈಯನ್ನೆ ಸರೋವರದಲ್ಲಿ ದೋಣಿ ನಡೆಸುತ್ತ ಅವನು ಗಮನಿಸಿದ ಸಂಗತಿ ಇಷ್ಟು: ಮರಿಮೀನುಗಳ ಹಿಂಡಿಗೆ ನುಗ್ಗುವ ಬೇಟೆಮೀನು ಕೈಗೆ ಸಿಕ್ಕಿದ್ದನ್ನು ಹಿಡಿಯುವುದಿಲ್ಲ, ನೂರರಲ್ಲಿ ಒಂದು ಸ್ವಲ್ಪ ವಾಲಿಕೊಂಡು, ಗಾಯಗೊಂಡ ನಡೆಯಲ್ಲಿ ಈಜುತ್ತಿರುತ್ತದಲ್ಲ, ಅದನ್ನೇ ಆರಿಸಿ ಹಿಡಿಯುತ್ತದೆ. ಆ ವಾಲಾಟವನ್ನು ಮರುಸೃಷ್ಟಿಸಲು 1936ರಲ್ಲಿ ಅವನು ಬೆಂಡನ್ನು ಚಮ್ಮಾರರ ಚೂರಿಯಿಂದ ಕೆತ್ತಿದ. ಹೊಳಪಿಗೆ ಚಾಕೊಲೇಟಿನ ಬೆಳ್ಳಿಕಾಗದ ಸುತ್ತಿದ. ವಾರ್ನಿಷ್ ಕೊಳ್ಳಲು ಕಾಸಿಲ್ಲದೆ ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಬಳಿದ. 1962ರ ಆಗಸ್ಟಿನಲ್ಲಿ ಅಮೆರಿಕದ ಲೈಫ್ ಪತ್ರಿಕೆ, ಮರ್ಲಿನ್ ಮನ್ರೋ ಮುಖಪುಟವಿದ್ದ ಸಂಚಿಕೆಯಲ್ಲಿ, ಇದರ ಬಗ್ಗೆ ಬರೆದ ಮೇಲೆ ಲೋಕವೆಲ್ಲ ಕೊಳ್ಳಲು ಮುಗಿಬಿತ್ತು. ವ್ಯಾಪಾರದ ಕತೆ ಹಾಗಿರಲಿ. ಮೋಸದ ವಸ್ತುವೊಂದರ ಹಿಂದೆ ಅಷ್ಟು ಶ್ರದ್ಧೆಯ ನೋಟವಿದೆ ಎಂಬುದು ನನ್ನನ್ನು ಕಾಡುತ್ತದೆ. ಮೀನನ್ನು ಬರಿದೇ ಮೆಚ್ಚಿಕೊಂಡು ನೋಡುವವನಿಗೆ ಆ ವಾಲಾಟ ಕಣ್ಣಿಗೆ ಬಿದ್ದಿರುತ್ತಿರಲಿಲ್ಲ. ಮೀನಿಗೆ ಸುಳ್ಳು ಹೇಳಬೇಕಾದವನು ಮೀನಿನ ಕಣ್ಣಿನಿಂದಲೇ ನೋಡಲು ಕಲಿಯಬೇಕಾಯಿತು.

ಹಳೆಯ ಮರದ ಗೇಟಿನಿಂದ ಸ್ವಲ್ಪ ಕೆಳಗೆ, ಯಾವ ವಿಶೇಷವೂ ಇಲ್ಲದ ಜಾಗದಲ್ಲಿ, ಅದು ಬಂತು. ನೈದಿಲೆಯಿಲ್ಲ, ಬಾಗಿದ ಮರವಿಲ್ಲ. ದಂಡೆಯುದ್ದಕ್ಕೂ ಒಂದೇ ಸಮನಾದ ಗಿಡದ ಪಟ್ಟಿ, ಅದರಾಚೆ ತಿಳಿನೀರು. ಕಾಲುವೆಯಲ್ಲಾಗಿದ್ದರೆ ಇಂಥ ಕಡೆ ನಾನು ನಿಲ್ಲುತ್ತಲೇ ಇರಲಿಲ್ಲ. ಪೋಲರಾಯ್ಡ್ ಕನ್ನಡಕದಲ್ಲಿ ನನ್ನ ಮರದ ಮೀನು ಓಲಾಡುತ್ತ ಹತ್ತಿರ ಬರುತ್ತಿರುವುದು ಕಾಣುತ್ತಿತ್ತು. ಇನ್ನೇನು ನೀರಿನಿಂದ ಎತ್ತಬೇಕು, ಅದರ ಹಿಂದೆ ಒಂದು ಮೂತಿ ಇತ್ತು. ಬಂದದ್ದನ್ನು ನಾನು ನೋಡಲಿಲ್ಲ. ಇರಲಿಲ್ಲ, ಇತ್ತು, ಅಷ್ಟೆ. ಕೈಗೆ ಬುದ್ಧಿ ಬರುವ ಮೊದಲೇ ರೀಲ್ ಸುತ್ತುವುದು ನಿಂತಿತು. ಮರದ ಮೀನು ಮೆಲ್ಲನೆ ಮೇಲಕ್ಕೆ ತೇಲಿತು. ಪೈಕ್ ಅದರ ಹಿಂದೆ, ಒಂದು ಗೇಣು ಬಿಟ್ಟು, ಹಾಗೆಯೇ ನಿಂತಿತ್ತು. ಮೈಯೆಲ್ಲ ನಿಶ್ಚಲ, ಎದೆಯ ಬಳಿಯ ಎರಡು ರೆಕ್ಕೆಗಳು ಮಾತ್ರ ಬೀಸಣಿಗೆಯಾಡುತ್ತಿದ್ದವು. ಪಾಚಿ ಹಸಿರು ಮೈ ಮೇಲೆ ಅವಲಕ್ಕಿ ಚೆಲ್ಲಿದ ಹಾಗೆ ತಿಳಿ ಚುಕ್ಕೆಗಳು. ಕಣ್ಣಿನ ಸುತ್ತ ಹೊನ್ನಿನ ಬಣ್ಣದ ಬಳೆ. ಕಣ್ಣಿನಿಂದ ಮೂತಿಯ ತುದಿಯವರೆಗೆ ಒಂದು ತಗ್ಗು ಗೆರೆ, ಗುರಿ ಹಿಡಿದು ನೋಡಲು ಹೇಳಿಮಾಡಿಸಿದ್ದು. ಹಿಂಭಾಗವೆಲ್ಲ ಗಿಡದೊಳಗೆ ಮರೆಯಾಗಿತ್ತು.

ನೀರೊಳಗಿನ ಕಣ್ಣಿಗೆ ಹೊರಗಿನ ಲೋಕವೆಲ್ಲ ನೆತ್ತಿಯ ಮೇಲಿನ ಒಂದು ದುಂಡು ಬೆಳಕಿನಲ್ಲಿ, ಸುಮಾರು 97 ಡಿಗ್ರಿ ಅಗಲದೊಳಗೆ, ಮುದುಡಿಕೊಂಡು ಕಾಣುತ್ತದೆ. ಬೆಳಕು ಬಾಗುವುದರಿಂದ ಹೀಗೆ. ದಂಡೆಯ ಮನುಷ್ಯ ಆ ವೃತ್ತದ ಅಂಚಿನಲ್ಲಿ ಕುಳ್ಳಗೆ, ಸೊಟ್ಟಗೆ ಇರುತ್ತಾನೆ. ಅಂದರೆ ಆ ಪೈಕ್‌ಗೆ ನಾನು ಆಕಾಶದ ಅಂಚಿಗೆ ಅಂಟಿದ ಒಂದು ಕಪ್ಪು ತುಣುಕು. ನನಗೆ ಅದು ಆ ಬೆಳಗಿನ ಸರ್ವಸ್ವ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ. ಆಮೇಲೆ ಅದು ತಿರುಗಲೂ ಇಲ್ಲ, ಬಾಲ ಬಡಿಯಲೂ ಇಲ್ಲ, ಇದ್ದ ಹಾಗೇ ಹಿಂದಕ್ಕೆ ಇಳಿದು ಗಿಡದ ಹಸಿರಿನಲ್ಲಿ ಕರಗಿಹೋಯಿತು. ಮತ್ತೆ ಬೀಸಿದೆ, ಬೇರೆ ಲೂರ್ ಕಟ್ಟಿ ಬೀಸಿದೆ. ಏನೂ ಇಲ್ಲ.

ಇಂಥ ಮೀನಿನ ಸುತ್ತ ಕತೆ ಹುಟ್ಟದಿದ್ದರೆ ಅದೇ ಆಶ್ಚರ್ಯ. ಜರ್ಮನಿಯ ಹೈಲ್‌ಬ್ರಾನ್ ಬಳಿ 1497ರಲ್ಲಿ ಹಿಡಿದರೆನ್ನಲಾದ ಪೈಕ್ ಒಂದರ ಮೈಯಲ್ಲಿ ಉಂಗುರವಿತ್ತಂತೆ. ಚಕ್ರವರ್ತಿ ಎರಡನೆಯ ಫ್ರೆಡರಿಕ್ ತನ್ನ ಕೈಯಾರೆ 1230ರಲ್ಲಿ ಈ ಮೀನನ್ನು ನೀರಿಗೆ ಬಿಟ್ಟನೆಂದು ಅದರ ಮೇಲೆ ಗ್ರೀಕ್ ಭಾಷೆಯಲ್ಲಿ ಕೆತ್ತಿತ್ತಂತೆ. ಅಂದರೆ 267 ವರ್ಷ ವಯಸ್ಸು, ಉದ್ದ 19 ಅಡಿ! ಅದರ ಅಸ್ಥಿಪಂಜರವೆಂದು ಮಾನ್‌ಹೈಮ್‌ನಲ್ಲಿ ಇಟ್ಟಿದ್ದನ್ನು ಮುಂದೆ ಅಂಗರಚನೆ ಬಲ್ಲವರು ಪರೀಕ್ಷಿಸಿದಾಗ ಬೆನ್ನುಮೂಳೆಯ ಮಣಿಗಳು ಇರಬೇಕಾದ್ದಕ್ಕಿಂತ ಎಷ್ಟೋ ಹೆಚ್ಚಿದ್ದವು. ಹಲವು ಮೀನುಗಳ ಮೂಳೆ ಪೋಣಿಸಿ ಒಂದು ಮಾಡಿದ್ದರು. ನಿಜದ ಪೈಕ್ ಇಪ್ಪತ್ತು, ಇಪ್ಪತ್ತೈದು ವರ್ಷ ಬದುಕಿದರೆ ದೊಡ್ಡದು. ಬ್ರಿಟನ್ನಿನಲ್ಲಿ ಗಾಳಕ್ಕೆ ಸಿಕ್ಕ ಅತಿ ಭಾರದ ಪೈಕ್, 2024ರ ಫೆಬ್ರವರಿಯಲ್ಲಿ ಚ್ಯೂ ವ್ಯಾಲಿ ಸರೋವರದಲ್ಲಿ ಹಿಡಿದದ್ದು, 47 ಪೌಂಡ್ 5 ಔನ್ಸ್, ನಮ್ಮ ಲೆಕ್ಕದಲ್ಲಿ 21 ಕಿಲೋಗ್ರಾಂ ಮೇಲೆ ಸ್ವಲ್ಪ. ಆ ಮೂಳೆ ಪೋಣಿಸಿದವನನ್ನು ಬೈಯಲು ನನಗೆ ಮನಸ್ಸಿಲ್ಲ. ಕಂಡದ್ದು ಅಷ್ಟು ದೊಡ್ಡದಾಗಿ ಕಂಡಿತ್ತು, ಕೈಯಲ್ಲಿದ್ದ ಮೂಳೆ ಸಾಲಲಿಲ್ಲ.

ಐಸಾಕ್ ವಾಲ್ಟನ್‌ನದು ಬೇರೆ ಬಗೆಯ ಎಡವಟ್ಟು. 1653ರಲ್ಲಿ ಬಂದ 'ದಿ ಕಂಪ್ಲೀಟ್ ಆಂಗ್ಲರ್' ಪುಸ್ತಕದಲ್ಲಿ ಅವನು, ಕೆಲವು ಪೈಕ್‌ಗಳು ಒಂದು ಜಾತಿಯ ನೀರುಗಿಡದಿಂದಲೇ ಹುಟ್ಟುತ್ತವೆ ಎಂದು ಪಂಡಿತ ಗೆಸ್ನರ್‌ನ ಮೇಲೆ ಭಾರ ಹಾಕಿ ಬರೆದ. ಈಗ ನಗಬಹುದು. ಆದರೆ ಮೊಟ್ಟೆಯೊಡೆದು ಬಂದ ಪೈಕ್ ಮರಿ ಏನು ಮಾಡುತ್ತದೆ ಗೊತ್ತೇ? ತಲೆಯಲ್ಲಿರುವ ಅಂಟಿನ ಗ್ರಂಥಿಯಿಂದ ಗಿಡದ ಎಲೆಗೆ ಅಂಟಿಕೊಂಡು ಕೆಲವು ದಿನ ಹಾಗೇ ನೇತಾಡುತ್ತದೆ. ಈಜಲು ಬಾರದು, ಬಾಯಿ ಇನ್ನೂ ಸರಿಯಾಗಿ ತೆರೆದಿಲ್ಲ. ವಸಂತದಲ್ಲಿ ಯಾರೋ ಹಳ್ಳಿಗ ಒಂದು ಗಿಡ ಕಿತ್ತು ಎತ್ತಿ ಹಿಡಿದಾಗ, ಎಲೆಯೆಲೆಗೂ ಕೂದಲೆಳೆಯಂಥ ಮೀನು ತೂಗುತ್ತಿದ್ದರೆ ಅವನು ಇನ್ನೇನು ಹೇಳಿಯಾನು? ಅವನು ಕಂಡದ್ದು ಸುಳ್ಳಲ್ಲ. ಅಂಟಿನ ಗ್ರಂಥಿ ಗಿಡದಿಂದ ಮೀನು ಹುಟ್ಟುವುದಕ್ಕಿಂತ ಸಣ್ಣ ಸಂಗತಿಯೆಂದು ನನಗೆ ಅನ್ನಿಸುವುದೂ ಇಲ್ಲ.

ಫಿನ್ಲೆಂಡಿನವರದು ಎಲ್ಲಕ್ಕಿಂತ ಸೊಗಸು. ಎಲಿಯಾಸ್ ಲೋನ್‌ರೋಟ್ ಜನಪದ ಹಾಡುಗಳಿಂದ ಕಟ್ಟಿ 1835ರಲ್ಲಿ ಮೊದಲು ಪ್ರಕಟಿಸಿದ 'ಕಾಲೆವಾಲ'ದಲ್ಲಿ ವೈನಮೊಯಿನೆನ್ ಎಂಬ ಮುದಿ ಗಾಯಕನ ದೋಣಿ ಒಂದು ಭಾರೀ ಪೈಕ್‌ನ ಬೆನ್ನಿಗೆ ಸಿಕ್ಕಿಕೊಂಡು ನಿಂತುಬಿಡುತ್ತದೆ. ಮೀನನ್ನು ಕೊಂದು ತಿಂದ ಮೇಲೆ ಉಳಿದ ದವಡೆಯ ಮೂಳೆಯಿಂದ ಅವನು ಕಾಂತೆಲೆ ಎಂಬ ತಂತಿವಾದ್ಯ ಮಾಡುತ್ತಾನೆ. ಪೈಕ್‌ನ ಹಲ್ಲುಗಳೇ ಬಿರಡೆ. ಅದನ್ನು ಅವನು ನುಡಿಸಿದಾಗ ಕಾಡಿನ ಪ್ರಾಣಿ, ಹಕ್ಕಿ, ನೀರಿನ ಮೀನು ಎಲ್ಲವೂ ಬಂದು ಕೇಳುತ್ತವೆ, ಕೊನೆಗೆ ನುಡಿಸುವವನೇ ಅಳುತ್ತಾನೆ. ಭಯ ಹುಟ್ಟಿಸುವ ದವಡೆಯಲ್ಲಿ ನಾದವಿರಬಹುದೆಂದು ಯಾವ ಹಾಡುಗಾರನಿಗೆ ಮೊದಲು ಹೊಳೆಯಿತೋ. ದವಡೆಯ ಆ ತೂತುಗಳನ್ನು ನೋಡಿದ್ದವನೇ ಇರಬೇಕು ಎಂಬುದು ನನ್ನ ಊಹೆ. ಆಧಾರ ಕೇಳಬೇಡಿ.

ಊಸ್‌ನ ದಂಡೆಗೂ ಒಂದು ಕತೆ ಸೇರಿದೆ, ಮೀನಿನದಲ್ಲ. ಕವಿ ವಿಲಿಯಂ ಕೂಪರ್ ಓಲ್ನಿಯಲ್ಲೂ ಆಮೇಲೆ ಪಕ್ಕದ ಹಳ್ಳಿಯಲ್ಲೂ ಇದ್ದವನು. ಮನಸ್ಸಿನ ಕಾಯಿಲೆಯಿಂದ ಬಹಳ ನೊಂದವನು. 1788ರ ಬೇಸಗೆಯಲ್ಲಿ ತನ್ನ ನಾಯಿ ಬೋ ಜೊತೆ ಈ ದಂಡೆಯಲ್ಲಿ ತಿರುಗಾಡುತ್ತಿದ್ದಾಗ ಅರಳಿದ ನೈದಿಲೆಯೊಂದನ್ನು ಕೋಲಿನಿಂದ ಎಳೆದುಕೊಳ್ಳಲು ನೋಡಿದ. ಆಗಲಿಲ್ಲ. ನಾಯಿ ಯಜಮಾನನ ಪಾಡನ್ನು ನೋಡುತ್ತ ನಿಂತಿತ್ತು. ವಾಪಸು ಬರುವಾಗ ಅದೇ ಜಾಗದಲ್ಲಿ ನೀರಿಗೆ ಹಾರಿ, ಹೂವನ್ನು ಕಚ್ಚಿ ತಂದು ಅವನ ಕಾಲಬುಡದಲ್ಲಿ ಹಾಕಿತು. ಅದರ ಮೇಲೆ ಕೂಪರ್ ಒಂದು ಪದ್ಯ ಬರೆದ, ಕೊನೆಯಲ್ಲಿ ಒಂದಿಷ್ಟು ನೀತಿಯನ್ನೂ ಹೇಳಿದ. ನೀತಿ ನನಗೆ ಬೇಡ. ಆ ಹೊತ್ತಿನ ನಾಯಿಯ ತಲೆಯೊಳಗೆ ಇದ್ದದ್ದೇನು ಎಂಬುದಷ್ಟೇ ಬೇಕು. ಅದು ಯಾರಿಗೂ ಸಿಗುವ ಹಾಗಿಲ್ಲ.

ಸೂರ್ಯ ಏರುವ ಮೊದಲೇ ಮುಗಿಸಬೇಕೆಂದು ಹೊರಟವನು ನಾನು. ಜೂನ್‌ನಲ್ಲಿ ಇಲ್ಲಿ ಐದು ಗಂಟೆಯೊಳಗೇ ಬಿಸಿಲು ಬರುತ್ತದೆ. ನೀರು ಬೆಚ್ಚಗಾದಷ್ಟೂ ಅದರಲ್ಲಿನ ಆಮ್ಲಜನಕ ಕಡಿಮೆ, ಸೆಣಸಿ ದಣಿದ ಪೈಕ್ ಸುಧಾರಿಸಿಕೊಳ್ಳುವುದು ಕಷ್ಟ. ನೋಡಲು ರಾಕ್ಷಸ, ಪ್ರಾಣ ಮಾತ್ರ ತೀರ ಸೂಕ್ಷ್ಮ. ಸೆಕೆ ಜೋರಾದ ವಾರಗಳಲ್ಲಿ ಪೈಕ್‌ಗೆ ಗಾಳವನ್ನೇ ಹಾಕದವರು ಇಲ್ಲಿ ಬಹಳ ಜನ. ದನ ನೀರು ಕುಡಿಯುವ ಕಡೆ ಕೊನೆಯದಾಗಿ ಬೀಸಿದಾಗ ದಾರ ಒಮ್ಮೆಲೇ ಗಟ್ಟಿಯಾಗಿ ನಿಂತಿತು. ಗಿಡಕ್ಕೆ ಸಿಕ್ಕಿತೆಂದುಕೊಂಡೆ, ಗಿಡ ತಲೆ ಕೊಡವಿತು. ಸಣ್ಣದು, ಮೊಳಕ್ಕಿಂತ ಸ್ವಲ್ಪ ಉದ್ದ. ಬಲೆಯಲ್ಲಿ ಎತ್ತಿ, ಒದ್ದೆ ಮಾಡಿದ ಚಾಪೆಯ ಮೇಲೆ ಮಲಗಿಸಿದೆ. ಕಿವಿರಿನ ಮುಚ್ಚಳದ ಅಡಿಯಿಂದ ಬೆರಳು ತೂರಿಸಿ ದವಡೆ ತೆರೆದಾಗ ಆ ಹಲ್ಲಿನ ತೋಟ ಪೂರ್ತಿ ಕಂಡಿತು. ಉಕ್ಕಿನ ತಂತಿ ಕಟ್ಟದಿದ್ದರೆ ದಾರ ಉಳಿಯುವುದಿಲ್ಲ ಎಂದು ಯಾಕೆ ಹೇಳುತ್ತಾರೆ ಎಂಬುದಕ್ಕೆ ಬೇರೆ ವಿವರಣೆ ಬೇಡ. ಗಾಳದ ಹಿಮ್ಮುಳ್ಳನ್ನು ಮೊದಲೇ ಚಪ್ಪಟೆ ಮಾಡಿದ್ದರಿಂದ ಇಕ್ಕಳದಲ್ಲಿ ಒಮ್ಮೆ ತಿರುವಿದ ಕೂಡಲೇ ಕಳಚಿತು. ದವಡೆಯಡಿಯ ತೂತುಗಳನ್ನು ಎಣಿಸಬೇಕೆಂದು ಎಷ್ಟೋ ದಿನದಿಂದ ಆಸೆ ಇತ್ತು. ಒಂದು ಪಕ್ಕದಲ್ಲಿ ಐದು ಎಣಿಸಿದೆ, ಅಷ್ಟರಲ್ಲಿ ಅದು ಕಿವಿರು ಅಗಲಿಸಿತು. ನೀರಿಗೆ ಇಳಿಸಿ, ಬಾಲದ ಬುಡ ಹಿಡಿದು, ಅದಾಗಿ ಬಿಡಿಸಿಕೊಂಡು ಹೋಗುವವರೆಗೆ ಕಾದೆ. ಪ್ರತಿ ಪೈಕ್‌ನ ಮೈಮೇಲಿನ ಚುಕ್ಕೆಗಳ ವಿನ್ಯಾಸ ಬೇರೆಬೇರೆ, ಫೋಟೋ ಇಟ್ಟುಕೊಂಡರೆ ಮುಂದಿನ ವರ್ಷ ಅದೇ ಮೀನನ್ನು ಗುರುತು ಹಿಡಿಯಬಹುದು. ನಾನು ತೆಗೆಯಲಿಲ್ಲ.

"ಹಿಡಿದು ಬಿಡೋದಾ?" ಅಮ್ಮ ಫೋನಿನಲ್ಲಿ ಕೇಳುತ್ತಾಳೆ, ಪ್ರತಿ ಸಲವೂ ಹೊಸದಾಗಿ. "ಅದ್ಯಾವ ಸೀಮೆ ಶಿಕಾರಿಯೋ ಮಾರಾಯ. ತಿನ್ನೋದಾದ್ರೆ ಹಿಡಿ, ಬಿಡೋದಾದ್ರೆ ಸುಮ್ನೆ ಮನೇಲಿರು. ಅದರ ಬಾಯಿ ಯಾಕೆ ಹರೀತೀಯ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಮುಳ್ಳು ಚಪ್ಪಟೆ ಮಾಡುತ್ತೇನೆ, ಒದ್ದೆ ಚಾಪೆ ಹಾಸುತ್ತೇನೆ, ಸೆಕೆಯಲ್ಲಿ ಹೋಗುವುದಿಲ್ಲ, ಇವೆಲ್ಲ ಶಿಷ್ಟಾಚಾರ. ಅಮ್ಮ ಕೇಳುತ್ತಿರುವುದು ಅದನ್ನಲ್ಲ. ಅಪ್ಪನ ಕತ್ತಿಗೆ ಒಂದು ಕಾರಣವಿತ್ತು, ರಾತ್ರಿಯ ಒಲೆ. ನನ್ನದು ಬರೀ ನೋಡುವ ಆಸೆ. ದೂರದರ್ಶಕ ಹಿಡಿದು ಹಕ್ಕಿ ನೋಡುವವನ ಹಾಗೆ ನೋಡಿ ಬಿಡಬಹುದಲ್ಲ ಎಂದರೆ, ಕೆಸರು ನೀರಿನ ತಳದ ಜೀವಿಯನ್ನು ಹಾಗೆ ನೋಡಲಾಗದು ಎಂಬ ಮಾತು ನಾಲಿಗೆಯ ತುದಿಯಲ್ಲಿದೆ. ಗೇಟಿನ ಕೆಳಗೆ ಕಂಡ ಪೈಕ್ ಆ ಮಾತನ್ನೂ ಸುಳ್ಳು ಮಾಡಿತು. ಅದನ್ನು ನಾನು ಹಿಡಿಯಲಿಲ್ಲ, ಹಿಡಿದದ್ದಕ್ಕಿಂತ ಚೆನ್ನಾಗಿ ನೋಡಿದೆ. ಹಾಗೆಂದು ಗಾಳ ಬಿಟ್ಟೆನೇ? ಇಲ್ಲ. ಗಾಳವಿಲ್ಲದೆ ನಾನು ಆ ಗೇಟಿನ ಬಳಿ ಕತ್ತಲೆ ಹರಿಯುವ ಮುಂಚೆ ಹೋಗಿ ನಿಲ್ಲುತ್ತಿರಲಿಲ್ಲ ಎಂಬುದೂ ನಿಜ. ಅಮ್ಮನಿಗೆ ಇದನ್ನು ಹೇಳಿದರೆ, ಅದು ನಿನ್ನ ಕಷ್ಟ, ಮೀನಿಂದಲ್ಲ ಎನ್ನುತ್ತಾಳೆ.

ರಾಡ್ ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದಾಗ ನಾಯಿಯ ಜೊತೆ ಒಬ್ಬ ಮುದುಕ ಬಂದ. ಮೊಣಕಾಲವರೆಗಿನ ರಬ್ಬರ್ ಬೂಟು, ಮಾಸಿದ ಟೊಪ್ಪಿಗೆ. ಎಲ್ಲ ಊರಿನ ಎಲ್ಲ ಮುದುಕರೂ ಕೇಳುವುದನ್ನೇ ಕೇಳಿದ, ಏನಾದರೂ ಸಿಕ್ಕಿತಾ? ಒಂದು ಸಣ್ಣದು ಎಂದೆ. ಮಾತಿಗೆ ಮಾತು ಬೆಳೆದು, ಈ ದಂಡೆಯಲ್ಲಿ ಹುಡುಗನಾಗಿದ್ದಾಗಿನಿಂದ ಗಾಳ ಹಾಕಿದವನೆಂದು ಗೊತ್ತಾಯಿತು. ಈಗ ಮಂಡಿ ನೋವು, ನಾಯಿ ತಿರುಗಾಡಿಸುವುದಷ್ಟೇ. ಕೇಳದೆಯೇ ಹೊಳೆಯ ಗುಟ್ಟೆಲ್ಲ ಹೇಳಿದ. ಕೆಳಗಿನ ತಿರುವಿನಲ್ಲಿ ನೀರಿಗೆ ಬಾಗಿದ ವಿಲೋ ಮರವಿದೆಯಲ್ಲ, ಪೈಕ್ ಇರುವುದು ಅದರ ಬುಡದಲ್ಲಿ. ದನ ಇಳಿಯುವ ಕಡೆ ಮರಿಗಳು. ಸೇತುವೆಯಿಂದ ಗೇಟು ದಾಟುವವರೆಗೆ ಸುಮ್ಮನೆ ಟೈಮ್ ವೇಸ್ಟ್, ಒಂದೂ ಇಲ್ಲ, ಯಾವತ್ತೂ ಇರಲಿಲ್ಲ.

ಅವನು ಹೇಳುತ್ತಿದ್ದ ಹಾಗೆಯೇ ನನ್ನ ಹೊಳೆ ಮಡಚಿಕೊಳ್ಳುವುದು ನನಗೆ ಗೊತ್ತಾಗುತ್ತಿತ್ತು. ಇನ್ನು ಮುಂದೆ ಬಂದಾಗ ನೇರವಾಗಿ ವಿಲೋ ಮರಕ್ಕೇ ಹೋಗುತ್ತೇನೆ. ಒಳ್ಳೆಯ ಮನಸ್ಸಿನಿಂದ ಕೊಟ್ಟದ್ದನ್ನು ಬೇಡ ಎನ್ನುವುದು ಹೇಗೆ?

"ಗೇಟಿನ ಕೆಳಗೆ ಒಂದಿದೆ" ಎಂದೆ. "ಬೆಳಿಗ್ಗೆ ನೋಡಿದೆ."

"ಇರಲಾರದು."

"ನನ್ನ ಲೂರ್ ಹಿಂದೆಯೇ ಬಂತು. ಕಾಲ ಹತ್ತಿರದವರೆಗೆ."

ಮುದುಕ ಸ್ವಲ್ಪ ಹೊತ್ತು ಗೇಟಿನ ಕಡೆ ನೋಡಿದ. ನಾಯಿ ಹಗ್ಗ ಎಳೆಯುತ್ತಿತ್ತು, ಅವನು ಜಗ್ಗಲಿಲ್ಲ. "ಎಷ್ಟುದ್ದ?"

ಎರಡೂ ಕೈ ಅಗಲಿಸಿ ತೋರಿಸಿದೆ. ಇನ್ನಷ್ಟು ಅಗಲಿಸುವ ಆಸೆಯನ್ನು ತಡೆದುಕೊಂಡೆ.

"ಬಾಲ ಕಂಡಿತಾ?"

"ಇಲ್ಲ. ಹಿಂದುಗಡೆ ಎಲ್ಲ ಗಿಡದಲ್ಲಿತ್ತು."

"ಹಾಗಾದರೆ ಅದಕ್ಕಿಂತ ಉದ್ದ" ಎಂದ ಮುದುಕ, ಬಂದ ದಾರಿ ಬಿಟ್ಟು ನಾಯಿಯನ್ನು ಗೇಟಿನ ಕಡೆಗೆ ತಿರುಗಿಸಿದ.